ಆಯ್ದ ಸಾಲು

ಆಗಸ್ಟ್ 4, ಸೋಮವಾರ

ಕಾಲೇಜು ಶುರುವಾಗಿ ಮೂರು ವಾರ. ಇವತ್ತಿನವರೆಗೆ ಕ್ಲಾಸಿನಲ್ಲಿ ನಾನು ಆಡಿದ ಮಾತು ಒಟ್ಟು ನಾಲ್ಕು: ‘ಪ್ರೆಸೆಂಟ್’, ‘ಸಾರಿ’, ‘ಇಲ್ಲ ಮೇಡಂ’, ಮತ್ತೊಮ್ಮೆ ‘ಸಾರಿ’. ಈ ದಿನಚರಿಗೆ ಕೆಮಿಸ್ಟ್ರಿ ನೋಟ್‌ಬುಕ್ಕಿನ ರಟ್ಟು ಹಾಕಿದ್ದೇನೆ. ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದಿನಚರಿ ಅಂತ ಕಾಣುವುದನ್ನು ಎಲ್ಲರೂ ಓದುತ್ತಾರೆ, ಕೆಮಿಸ್ಟ್ರಿಯನ್ನು ಯಾರೂ ಮುಟ್ಟುವುದಿಲ್ಲ.

ಇವತ್ತು ಇತಿಹಾಸದ ಮೇಡಂ ಕ್ಲಾಸು. ವಿಜ್ಞಾನ ಓದುವವರೆಲ್ಲ ಒಂದು ಇತಿಹಾಸದ ಪೇಪರ್ ಮಾಡಲೇಬೇಕಂತೆ.

“ಸರ್ಕಾರಗಳಿಗೆ ವಿಜ್ಞಾನದ ಮೇಲೆ ಪ್ರೀತಿ ಉಕ್ಕಿ ದುಡ್ಡು ಕೊಟ್ವು ಅಂದ್ಕೊಂಡಿದೀರಾ?” ಎಂದರು. “ಹಡಗು ದಾರಿ ತಪ್ಪಬಾರದು, ದನಕ್ಕೆ ರೋಗ ಬರಬಾರದು, ಶತ್ರು ಬಂದೂಕಿಗಿಂತ ನಮ್ಮ ಬಂದೂಕು ದೂರ ಹೊಡೀಬೇಕು. ಅದಕ್ಕೆ ಕೊಟ್ವು. ಆಮೇಲೆ ದೊಡ್ಡ ಯುದ್ಧ ಬಂತು. ಅದು ಮುಗಿದ ಮೇಲೆ ವಿಜ್ಞಾನಿಗಳು ಧೈರ್ಯ ಮಾಡಿ ಕೇಳಿದ್ರು: ‘ಏನು ಉಪಯೋಗ ಅಂತ ಕೇಳಬೇಡಿ, ಕೊಡಿ. ಯಾರಿಗೆ ಅನ್ನೋದನ್ನ ನಾವೇ ಆರಿಸ್ತೀವಿ.’ ಪರಿಷತ್ತು ಅಂತ ಹುಟ್ಟಿದ್ದು ಹಾಗೆ.”

ಹಿಂದಿನ ಬೆಂಚಿನವನೊಬ್ಬ, “ಅಂದ್ರೆ ಪಾಕೆಟ್ ಮನಿ ಸಿಸ್ಟಮ್ಮು ಮೇಡಂ?” ಎಂದ.

“ಹೌದಪ್ಪಾ. ಆದ್ರೆ ನಿನ್ನ ಹಾಗೆ ಸಿನಿಮಾಕ್ಕೆ ಹೋದೋರಿಗೆ ಮುಂದಿನ ವರ್ಷ ಸಿಗಲ್ಲ.”

ನಮ್ಮ ದೇಶದ ಸಂಶೋಧನಾ ಪರಿಷತ್ತಿಗೆ ಈ ವರ್ಷ ಐವತ್ತು ತುಂಬುತ್ತದೆ. ಅದರ ಹಳೆಯ ಕಡತಗಳೆಲ್ಲ ನಮ್ಮ ಕಾಲೇಜಿನ ನೆಲಮಾಳಿಗೆಯಲ್ಲೇ ಇವೆ. ಸೆಪ್ಟೆಂಬರ್ ಕೊನೆಗೆ ಕಾರಿಡಾರಿನಲ್ಲಿ ಪ್ರದರ್ಶನ. ಕಡತದ ಕೋಣೆಯಲ್ಲಿ ಕೆಲಸ ಮಾಡುವವರು ಬೇಕು ಎಂದಾಗ ಇಡೀ ಕ್ಲಾಸು ಕಿಟಕಿ ನೋಡಿತು. ನಾನು ಕೈ ಎತ್ತಿದೆ. ಮೇಡಂ ನೋಡುವವರೆಗೂ ಇಳಿಸಲಿಲ್ಲ.

ಆಗಸ್ಟ್ 6, ಬುಧವಾರ

ಕಾರಣ ಬರೆದಿಡುತ್ತೇನೆ. ಮುಂದೆ ಧೈರ್ಯ ಉಡುಗಿದಾಗ ಓದಿಕೊಳ್ಳಬಹುದು.

ಇಪ್ಪತ್ನಾಲ್ಕು ವರ್ಷದ ಹಿಂದೆ ಅಮ್ಮ ಈ ಪರಿಷತ್ತಿಗೆ ಒಂದು ಅರ್ಜಿ ಹಾಕಿದ್ದಳು. ನೀರಿನ ಕಬ್ಬಿಣದ ಪೈಪು ಒಳಗಿನಿಂದ ಸವೆಯುವುದು ಬರೀ ನೀರಿನಿಂದಲ್ಲ, ಕಬ್ಬಿಣದಿಂದಲೇ ಬದುಕುವ ಒಂದು ಸೂಕ್ಷ್ಮಜೀವಿಯಿಂದ ಎಂಬುದು ಅವಳ ಊಹೆ. ಪರೀಕ್ಷಿಸಲು ಎರಡು ವರ್ಷ ಸಮಯ ಮತ್ತು ಒಂದು ಒಳ್ಳೆಯ ಸೂಕ್ಷ್ಮದರ್ಶಕ ಕೇಳಿದ್ದಳು. ಉತ್ತರವಾಗಿ ಒಂದು ಹಾಳೆ ಬಂತು. ‘ವಿಷಾದದಿಂದ ತಿಳಿಸುತ್ತೇವೆ’ ಎಂಬುದರ ಕೆಳಗೆ ತಜ್ಞರ ಅಭಿಪ್ರಾಯ ಒಂದೇ ಸಾಲು: ‘ಅರ್ಜಿದಾರರಲ್ಲಿ ಉತ್ಸಾಹವಿದೆ, ವಿಜ್ಞಾನ ಬೇರೆ ವಿಷಯ.’ ತಜ್ಞನ ಹೆಸರಿಲ್ಲ. ಹೆಸರು ತಿಳಿಸಬಾರದು ಎಂಬುದು ನಿಯಮವಂತೆ.

ಅಮ್ಮ ಅದನ್ನು ತಮಾಷೆ ಮಾಡಿಕೊಂಡಳು. ನಾನು ಲೆಕ್ಕದಲ್ಲಿ ಕಡಿಮೆ ಅಂಕ ತಂದರೆ, “ಉತ್ಸಾಹ ಇದೆ, ವಿಜ್ಞಾನ ಬೇರೆ ವಿಷಯ” ಎನ್ನುವಳು. ಕುಕ್ಕರ್ ಕೂಗದಿದ್ದರೂ ಅದೇ. ಇಬ್ಬರೂ ನಗುತ್ತಿದ್ದೆವು. ಆದರೆ ಅವಳು ಮತ್ತೆ ಯಾವ ಅರ್ಜಿಯನ್ನೂ ಹಾಕಲಿಲ್ಲ. ಹಾಲಿನ ಕೇಂದ್ರದಲ್ಲಿ ಹಾಲು ಪರೀಕ್ಷಿಸುವ ಕೆಲಸಕ್ಕೆ ಸೇರಿದಳು. ಅಪ್ಪ ತೀರಿಕೊಂಡ ಮೇಲೆ, ಬೆಳಿಗ್ಗೆ ನಾಲ್ಕಕ್ಕೆ ಡ್ಯೂಟಿಗೆ ಹೋಗುವವಳು ಆರು ವರ್ಷದ ಮಗುವನ್ನು ಯಾರ ಹತ್ತಿರ ಬಿಡಬೇಕು? ಹಾಸ್ಟೆಲಿಗೆ ಹಾಕಿದಳು. ಹನ್ನೆರಡು ವರ್ಷ.

ಆ ಸಾಲು ಬರೆದವನು ಅಮ್ಮನ ಸೂಕ್ಷ್ಮದರ್ಶಕ ಕಿತ್ತುಕೊಂಡ, ನನ್ನಿಂದ ಅಮ್ಮನನ್ನು ಕಿತ್ತುಕೊಂಡ. ಅವನು ಯಾರೆಂದು ನನಗೆ ಗೊತ್ತು. ಸಾಕ್ಷಿ ಮಾತ್ರ ಬೇಕು.

ಮೊದಲ ಮಹಡಿಯ ಕಾರಿಡಾರಿನಲ್ಲಿ ಒಂದು ದೊಡ್ಡ ಫೋಟೋ ಇದೆ. ಪೊದೆಯಂಥ ಮೀಸೆ. ಲೋಹಗಳ ಸವೆತದ ಬಗ್ಗೆ ಆ ಕಾಲದಲ್ಲಿ ಈ ದೇಶದಲ್ಲಿದ್ದ ಒಬ್ಬನೇ ತಜ್ಞ, ಸತ್ತು ಹನ್ನೊಂದು ವರ್ಷ. ಪೈಪಿನ ಅರ್ಜಿ ಇನ್ಯಾರ ಕೈಗೆ ಹೋಗಿರುತ್ತದೆ? ಪ್ರದರ್ಶನದ ದಿನ ಅವನ ಹೆಸರು, ಅವನ ಸಾಲು, ಅಮ್ಮನ ಕಥೆ ಮೂರನ್ನೂ ಒಂದೇ ಬೋರ್ಡಿನ ಮೇಲೆ ತೂಗುಹಾಕುತ್ತೇನೆ. ಅಮ್ಮನನ್ನು ಕರೆಸಿ ಅದರ ಮುಂದೆ ನಿಲ್ಲಿಸುತ್ತೇನೆ.

ಇವತ್ತು ಫೋಟೋ ದಾಟುವಾಗ ಮೆಲ್ಲಗೆ, “ಕಾಯ್ತಾ ಇರಿ ಸಾರ್” ಎಂದೆ. ರೂಮ್‌ಮೇಟ್ ಕೇಳಿಸಿಕೊಂಡುಬಿಟ್ಟಳು. “ಯಾರಿಗೇ? ಮೀಸೆಗಾ? ನಿನಗೆ ಹುಡುಗರೇ ಸಿಗಲಿಲ್ವಾ?”

ಆಗಸ್ಟ್ 13, ಬುಧವಾರ

ಕಡತದ ಕೋಣೆಯಲ್ಲಿರುವುದು ಒಬ್ಬ ಮುದುಕ. ಎಲ್ಲರೂ ಕಪಾಟು ತಾತ ಎನ್ನುತ್ತಾರೆ. ಪರಿಷತ್ತಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾಗಿ ಇಪ್ಪತ್ತು ವರ್ಷವಾದರೂ ಬುಧವಾರ, ಶುಕ್ರವಾರ ಬರುತ್ತಾರೆ. ಯಾವ ಕಾಗದ ಎಲ್ಲಿದೆ ಎಂದು ಬೇರೆ ಯಾರಿಗೂ ಗೊತ್ತಿಲ್ಲ. ವಯಸ್ಸು ಎಪ್ಪತ್ತೆಂಟು. ಕಣ್ಣಿಗೆ ಪೊರೆ ಬಂದಿದೆ, ಕಾಗದವನ್ನು ಮೂಗಿಗೆ ಒತ್ತಿಕೊಂಡು ನೋಡುತ್ತಾರೆ.

“ಓದ್ತೀಯಾ, ವಾಸನೆ ನೋಡ್ತೀಯಾ ಅಂತ ನಮ್ಮನೇಲಿ ಬೈತಾರೆ ಮಗಳೇ” ಎಂದರು. “ನಿನ್ನ ಕಣ್ಣು ಹೇಗಿದೆ?”

“ಚೆನ್ನಾಗಿದೆ.”

“ಹಾಗಾದ್ರೆ ಇವತ್ತಿಂದ ಅದು ನನ್ನದು.”

ಕಡತಗಳ ಬೆನ್ನಿನ ಚೀಟಿಗಳನ್ನು ನಾನು ಜೋರಾಗಿ ಓದಬೇಕು, ಅವರು ಎಲ್ಲಿಡಬೇಕೆಂದು ಹೇಳಬೇಕು. ಅರ್ಜಿಗಳಿರುವ ಕಪಾಟುಗಳಿಗೆ ಬೀಗವಿಲ್ಲ. ತಜ್ಞರ ವರದಿಗಳು ಮಾತ್ರ ಮೂಲೆಯ ಹಸಿರು ಕಬ್ಬಿಣದ ಕಪಾಟಿನಲ್ಲಿ, ಬೀಗದ ಒಳಗೆ. ಕೀಲಿ ತಾತನ ಕೋಟಿನ ಜೇಬಿನಲ್ಲಿ.

ಆಗಸ್ಟ್ 22, ಶುಕ್ರವಾರ

ಅಮ್ಮನ ಅರ್ಜಿ ಸಿಕ್ಕಿತು. ಹದಿನಾಲ್ಕು ಪುಟ, ಅಮ್ಮನದೇ ಅಕ್ಷರ. ಈಗಿನ ಹಾಗೆ ವಾಲಿಲ್ಲ, ನೆಟ್ಟಗೆ ನಿಂತಿದೆ. ನಾನು ಓದಲಿಲ್ಲ. ಓದಿದರೆ ಅಲ್ಲೇ ಅತ್ತುಬಿಡುತ್ತೇನೆ, ತಾತ ಕೇಳುತ್ತಾರೆ. ನಾನು ಯಾರ ಮಗಳೆಂದು ಅವರಿಗೆ ಗೊತ್ತಾಗಬಾರದು.

ತಾತನಿಗೆ ನನ್ನ ಮೇಲೆ ನಂಬಿಕೆ ಬರಬೇಕು. ಅದಕ್ಕೆ ಅವರು ಬರುವ ದಿನ ಮೊದಲೇ ಹೋಗಿ ಮೇಜು ಒರೆಸುತ್ತೇನೆ. ಅವರ ಜೋಕಿಗೆಲ್ಲ ನಗುತ್ತೇನೆ. ಇವತ್ತು ಪರಿಷತ್ತಿನ ಮೊದಲ ವರ್ಷದ ಕಥೆ ಹೇಳಿದರು. ಮೂರು ಕುರ್ಚಿ, ಒಂದು ಟೈಪ್‌ರೈಟರು, ಹತ್ತೊಂಬತ್ತು ಅರ್ಜಿ. ಮಂತ್ರಿಯೊಬ್ಬ ಬಂದು, ನಕ್ಷತ್ರ ನೋಡುವವನಿಗೆ ಯಾಕೆ ಕೊಡಬೇಕು, ನಕ್ಷತ್ರ ಎಲ್ಲಿಗಾದರೂ ಓಡಿಹೋಗುತ್ತದಾ ಎಂದು ಕೇಳಿದನಂತೆ. ನಗು ನಿಜವಾಗಿಯೂ ಬಂತು. ಬರಬಾರದಿತ್ತು.

ಆಗಸ್ಟ್ 29, ಶುಕ್ರವಾರ

ತಾತನಿಗೆ ಇವತ್ತು ಎರಡು ಬಿಸ್ಕತ್ ಕೊಟ್ಟೆ. ಅವರು ಕೋಟು ಕುರ್ಚಿಗೆ ಹಾಕಿ ಟೀ ಕುಡಿಯಲು ಮೇಲೆ ಹೋಗುತ್ತಾರೆ. ಹದಿನೆಂಟು ನಿಮಿಷ. ಮೂರು ಸಲ ಟೈಮ್ ನೋಡಿದ್ದೇನೆ.

ಸೆಪ್ಟೆಂಬರ್ 10, ಬುಧವಾರ

ತೆಗೆದೆ.

ಹೇಗೆ ಬರೆಯಲಿ. ಕೀಲಿ ತಿರುಗುವಾಗ ಕಪಾಟು ಇಡೀ ಕಾಲೇಜಿಗೆ ಕೇಳುವಷ್ಟು ಕಿರುಗುಟ್ಟಿತು. ವರ್ಷ, ವಿಷಯ, ಅರ್ಜಿ ಸಂಖ್ಯೆ. ತಾತನ ಕೈಕೆಳಗೆ ಒಂದು ತಿಂಗಳು ಚೀಟಿ ಓದಿದ್ದೇ ಪಾಠವಾಗಿತ್ತು, ಎರಡು ನಿಮಿಷದಲ್ಲಿ ಸಿಕ್ಕಿತು. ವರದಿಯ ಕೊನೆಯಲ್ಲಿ ಮೀಸೆಯವನದೇ ಸಹಿ. ಎದೆ ಕುಣಿಯಿತು. ಆಮೇಲೆ ವರದಿ ಓದಿದೆ. ನಿಂತಲ್ಲೇ ನಕಲು ಮಾಡಿಕೊಂಡಿದ್ದೇನೆ:

‘ವಯಸ್ಸು ಚಿಕ್ಕದು, ಹಿಂದಿನ ಪ್ರಕಟಣೆಗಳಿಲ್ಲ. ಆದ್ದರಿಂದ ಸಮಿತಿಯಲ್ಲಿ ಯಾರಾದರೂ, ಅರ್ಜಿದಾರರಲ್ಲಿ ಉತ್ಸಾಹವಿದೆ, ವಿಜ್ಞಾನ ಬೇರೆ ವಿಷಯ ಎನ್ನಬಹುದು. ಹಾಗೆನ್ನುವವರು ನಾಲ್ಕನೇ ಪುಟದ ಪ್ರಯೋಗವನ್ನು ಇನ್ನೊಮ್ಮೆ ಓದಲಿ. ನಾನು ಮೂವತ್ತು ವರ್ಷದ ಹಿಂದೆ ಕೇಳಬೇಕಿದ್ದ ಪ್ರಶ್ನೆಯನ್ನು ಈ ಹುಡುಗಿ ಕೇಳಿದ್ದಾಳೆ. ಅವಳು ಕೇಳಿದ್ದನ್ನೆಲ್ಲ ಕೊಡಿ.’

ಕಪಾಟು ಮುಚ್ಚಿ ಕೀಲಿ ವಾಪಸ್ ಇಟ್ಟೆ. ತಾತ ಬಂದರು. “ಯಾಕೆ ಮಗಳೇ, ಮುಖ ಬಿಳುಚಿಕೊಂಡಿದೆ ಅಂತ ನನ್ನಂಥ ಕುರುಡನಿಗೇ ಕಾಣ್ತಿದೆ?” ಎಂದರು. ಹೊಟ್ಟೆನೋವು ಎಂದೆ.

ವಾಪಸ್ ಬರುವಾಗ ಮೀಸೆಯ ಮುಂದೆ ನಿಂತೆ. ಒಂದು ತಿಂಗಳಿಂದ ಈ ಮನುಷ್ಯನಿಗೆ ಶಾಪ ಹಾಕಿದ್ದೇನೆ. ಹಾಗಾದರೆ ಆ ಸಾಲನ್ನು ಅವರ ವಾಕ್ಯದ ಹೊಟ್ಟೆ ಬಗೆದು ಹೊರಗೆ ತೆಗೆದವರು ಯಾರು?

ಸೆಪ್ಟೆಂಬರ್ 12, ಶುಕ್ರವಾರ

ತಾತನನ್ನೇ ಕೇಳಿದೆ. ಪ್ರದರ್ಶನಕ್ಕೆ ಬೇಕು ಎಂದು ಸುಳ್ಳು ಹೇಳಿ, ತಿರಸ್ಕಾರದ ಪತ್ರ ಹೇಗೆ ತಯಾರಾಗುತ್ತಿತ್ತು ಎಂದು.

“ಅದಾ?” ಎಂದರು, ಬೆನ್ನು ನೆಟ್ಟಗೆ ಮಾಡಿಕೊಂಡು. “ಸಾಲು ಆಯೋದು ಅಂತಿದ್ವಿ. ತಜ್ಞರ ವರದಿ ಪೂರ್ತಿ ಕಳಿಸೋ ಹಾಗಿಲ್ಲ, ಒಂದು ಸಾಲು ಕತ್ತರಿಸಿ ಪತ್ರಕ್ಕೆ ಹಾಕೋದು. ಹದಿನೈದು ವರ್ಷ ಆ ಕೆಲಸ ನಂದೇ.”

ಅಮ್ಮ ಅರ್ಜಿ ಹಾಕಿದ ವರ್ಷದ ಬಗ್ಗೆ ಕೇಳಿದೆ. ವರ್ಷ ಹೇಳುತ್ತಿದ್ದಂತೆ ಅವರು ಕೈಯಲ್ಲಿದ್ದ ಕಡತ ಕೆಳಗಿಟ್ಟರು. ಆಮೇಲೆ ಹೇಳಿದರು. ಆ ವರ್ಷ ಹೊಸ ಸರ್ಕಾರ, ಕೂಡಲೇ ಕಣ್ಣಿಗೆ ಕಾಣುವಂಥದ್ದು ಮಾತ್ರ ಬೇಕು ಎಂದು ಪರಿಷತ್ತಿನ ಅನುದಾನವನ್ನು ಅರ್ಧ ಮಾಡಿತು. ತಜ್ಞರು ಒಪ್ಪಿದ ಅರ್ಜಿಗಳ ಪಟ್ಟಿ ಆಗಲೇ ಸಿದ್ಧವಾಗಿತ್ತು. ಕಾರ್ಯದರ್ಶಿ ಮಧ್ಯದಲ್ಲಿ ಒಂದು ಕೆಂಪು ಗೆರೆ ಎಳೆದರು. ಗೆರೆಯ ಕೆಳಗಿನವರಿಗೆ ‘ಹಣವಿಲ್ಲ’ ಎಂದು ಬರೆಯುವಂತಿಲ್ಲ, ಬರೆದರೆ ಸರ್ಕಾರಕ್ಕೆ ಅವಮಾನ. ಪ್ರತಿಯೊಬ್ಬರಿಗೂ ತಜ್ಞರ ಬಾಯಿಂದಲೇ ಕಾರಣ ಹೇಳಿಸಬೇಕು. ಹೊಗಳಿಕೆಯ ವರದಿಗಳಿಂದ ತೆಗಳಿಕೆ ಹೆಕ್ಕಬೇಕು. ತಾತನಿಗೆ ಒಂದು ವಾರ ಕೊಟ್ಟರು.

“ಇಷ್ಟಬಂದಂಗೆ ಕತ್ತರಿಸಿಬಿಟ್ರಾ?” ಎಂದೆ. ದನಿ ನನ್ನದಾಗಿರಲಿಲ್ಲ.

“ಓದದೆ ಕತ್ತರಿಸಿದೆ ಅಂದ್ರೆ ಸುಳ್ಳಾಗತ್ತೆ ಮಗಳೇ” ಎಂದರು ತಾತ. “ಒಂದೊಂದೂ ಓದಿದೀನಿ. ಅರ್ಜಿನೂ ಓದಿದೀನಿ, ವರದಿನೂ ಓದಿದೀನಿ. ಓದಿ, ಕೆಟ್ಟದಾಗಿ ಕಾಣೋ ಸಾಲು ಹುಡುಕಿದೀನಿ. ಕೆಲವದರಲ್ಲಿ ಅಂಥ ಸಾಲೇ ಸಿಗ್ತಿರಲಿಲ್ಲ. ಅವತ್ತು ಊಟ ಸೇರ್ತಿರಲಿಲ್ಲ.”

ಊಟ ಸೇರುತ್ತಿರಲಿಲ್ಲವಂತೆ! ಅಯ್ಯೋ ಪಾಪ. ನನ್ನ ಅಮ್ಮನಿಗೆ ಇಪ್ಪತ್ನಾಲ್ಕು ವರ್ಷ ಬದುಕೇ ಸೇರಿಲ್ಲ. ನಾನು ಹುಡುಕುತ್ತಿದ್ದವನು ಎದುರಿಗೇ ಇದ್ದ. ಒಂದು ತಿಂಗಳು ಈ ಕೈಗೇ ಬಿಸ್ಕತ್ ಕೊಟ್ಟಿದ್ದೇನೆ.

ಸೆಪ್ಟೆಂಬರ್ 17, ಬುಧವಾರ

ಹೋಗಲಿಲ್ಲ. ಜ್ವರ ಎಂದು ಹೇಳಿ ಕಳಿಸಿದೆ. ರೂಮ್‌ಮೇಟ್ ಬಂದು, “ನಿನ್ನ ತಾತ ಕೇಳಿದ್ರು ಕಣೇ, ನನ್ನ ಕಣ್ಣಿಗೆ ಜ್ವರ ಬಂದಿದೆಯಂತೆ ಹೌದಾ ಅಂತ” ಎಂದಳು. ನಗಲಿಲ್ಲ.

ಸೆಪ್ಟೆಂಬರ್ 18, ಗುರುವಾರ

ಮೇಡಂ ಕರೆದರು. ಪ್ರದರ್ಶನದಲ್ಲಿ ಪರಿಷತ್ತಿನ ಹಳೆಯ ನೌಕರರಿಗೂ ಒಂದು ಬೋರ್ಡು ಇರಬೇಕಂತೆ. ದೊಡ್ಡದಾಗಿ ತಾತನ ಫೋಟೋ, ಕೆಳಗೆ ಅವರದೇ ಒಂದು ಮಾತು.

“ಅವರ ಹತ್ರ ಜಾಸ್ತಿ ಕೂತಿದ್ದು ನೀನೇ. ಚೆನ್ನಾಗಿರೋ ಸಾಲೊಂದು ಆರಿಸಿಕೊಡಮ್ಮ.”

ನಾನು ತಕ್ಷಣ, “ಆರಿಸ್ತೀನಿ ಮೇಡಂ” ಎಂದೆ. ಸಾರಿ ಎನ್ನಲಿಲ್ಲ. “ನೀನು ಎಷ್ಟು ಬದಲಾಗಿದೀಯ, ಕಾನ್ಫಿಡೆನ್ಸ್ ಬಂದಿದೆ” ಎಂದು ಮೇಡಂ ಬೆನ್ನು ತಟ್ಟಿದರು.

ತಾತನ ಮಾತುಗಳನ್ನು ಬರೆದುಕೊಂಡ ಹಾಳೆಗಳು ಹನ್ನೊಂದಾಗಿವೆ. ನಕ್ಷತ್ರದ ಮಂತ್ರಿ, ಮೂರು ಕುರ್ಚಿ, ಮಳೆಗೆ ನೆಂದ ಕಡತಗಳನ್ನು ಮನೆಗೆ ಒಯ್ದು ಹೆಂಡತಿ ಕೈಲಿ ಇಸ್ತ್ರಿ ಮಾಡಿಸಿದ್ದು. ಎಲ್ಲ ಓದಿದೆ. ಒಂದೊಂದೂ ಓದಿದೆ. ಅರ್ಧ ಗಂಟೆಯಲ್ಲಿ ನನಗೆ ಬೇಕಾದದ್ದು ಸಿಕ್ಕಿತು:

‘ಓದದೆ ಕತ್ತರಿಸಿದೆ.’

ಅವರದೇ ಮಾತು. ಒಂದಕ್ಷರ ನಾನು ಸೇರಿಸಿಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ಬೋರ್ಡುಗಳಿಗೆ ಗಾಜು ಹಾಕಿ ಇವತ್ತು ತೂಗುಹಾಕಿದರು. ಹುಡುಗರು ತಾತನ ಬೋರ್ಡಿನ ಮುಂದೆ ನಿಂತು, “ಓದದೆ ಪಾಸಾದೋರನ್ನ ನೋಡಿದೀನಿ, ಓದದೆ ಕತ್ತರಿಸಿದೋರು ಇವರೊಬ್ರೇ ಗುರು” ಎಂದು ನಗುತ್ತಿದ್ದರು. ಮೇಡಂಗೆ ಇರಿಸುಮುರಿಸಾಯಿತು, “ಇದು ಅವರೇ ಹೇಳಿದ್ದಾ?” ಎಂದರು. ನನ್ನ ಹಾಳೆ ತೋರಿಸಿದೆ, ಸಾಲಿನ ಮೇಲೆ ಬೆರಳಿಟ್ಟು. ಬೆರಳಿನ ಪಕ್ಕಕ್ಕೆ ಏನಿದೆ ಎಂದು ಅವರು ನೋಡಲಿಲ್ಲ.

ಮಧ್ಯಾಹ್ನ ತಾತ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಇಸ್ತ್ರಿ ಮಾಡಿದ ಅಂಗಿ. ಬೋರ್ಡಿಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಗಾಜು ಹೊಳೆಯುತ್ತಿತ್ತು, ಏನೂ ಕಾಣಲಿಲ್ಲ.

“ಏನು ಹಾಕಿದೀಯ, ಓದು ಮಗಳೇ.”

ಈ ಕ್ಷಣ ನಾನು ಲೆಕ್ಕ ಹಾಕಿರಲಿಲ್ಲ. ತಾನಾಗಿ ಕೈಗೆ ಬಂತು. ಜೋರಾಗಿ, ಸ್ಪಷ್ಟವಾಗಿ ಓದಿದೆ: “ಓದದೆ ಕತ್ತರಿಸಿದೆ.”

ತಾತ ತಲೆ ವಾಲಿಸಿ ಕಾದರು.

“ಮುಂದೆ?”

“ಅಷ್ಟೇ ತಾತ.”

ಹುಡುಗರು ನಮ್ಮನ್ನೇ ನೋಡುತ್ತಿದ್ದರು. ತಾತ, “ಜಾಗ ಸಾಲಲಿಲ್ಲವೇನೋ” ಎಂದರು. ಗೋಡೆ ಹಿಡಿದುಕೊಂಡು ಕೆಳಗೆ ಹೋದರು.

ಖುಷಿಯಾಯಿತು. ಆಗಲೇಬೇಕಲ್ಲ. ಆಯಿತು.

ಸೆಪ್ಟೆಂಬರ್ 27, ಶನಿವಾರ

ಇವತ್ತು ಪ್ರದರ್ಶನ ಶುರು. ಅಮ್ಮ ಡ್ಯೂಟಿ ಮುಗಿಸಿ ನೇರವಾಗಿ ಬಸ್ಸು ಹತ್ತಿ ಬಂದಿದ್ದಳು. ಕಾರಿಡಾರಿನ ಮೂಲೆಗೆ ಕರೆದುಕೊಂಡು ಹೋಗಿ ನಾನು ನಕಲು ಮಾಡಿದ ವರದಿ ಕೈಗೆ ಕೊಟ್ಟೆ. ಅಳುತ್ತಾಳೆ ಎಂದುಕೊಂಡಿದ್ದೆ. ನಿಂತುಕೊಂಡೇ ಎರಡು ಸಲ ಓದಿದಳು.

“ನಾಲ್ಕನೇ ಪುಟ” ಎಂದಳು. “ಅಲ್ಲೊಂದು ಪ್ರಯೋಗ ಇತ್ತು. ನನಗೇ ಮರೆತುಹೋಗಿತ್ತು ಕಣೇ.”

“ಇದನ್ನ ಕತ್ತರಿಸಿದೋರು ಇವರು” ಎಂದು ಬೋರ್ಡಿನ ಮುಂದೆ ನಿಲ್ಲಿಸಿದೆ. ಇದಕ್ಕಾಗಿಯೇ ಎರಡು ತಿಂಗಳು ಕಾದಿದ್ದೆ. ಅಮ್ಮ ಫೋಟೋ ನೋಡಿದಳು. ಸಾಲು ಓದಿದಳು.

“ಅವರು ಹೇಳಿದ್ದು ಪೂರ್ತಿ ಇಷ್ಟೇನಾ?”

“ಅವರದೇ ಮಾತು ಅಮ್ಮ. ನಾನೇನೂ ಸೇರಿಸಿಲ್ಲ.”

“ಸೇರಿಸಿದೀಯಾ ಅಂತ ನಾನು ಕೇಳಲಿಲ್ಲ.”

ತಾತ ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಒಬ್ಬರೇ ಕೂತಿದ್ದರು. ಅಮ್ಮ ನೇರವಾಗಿ ಅಲ್ಲಿಗೆ ಹೋದಳು. ಬಿಡಬೇಡ ಅಮ್ಮ, ಚೆನ್ನಾಗಿ ಬಯ್ಯಿ ಎಂದು ನಾನು ಮನಸ್ಸಿನಲ್ಲೇ ಕುಣಿದೆ. ಮೊದಲು ಅಮ್ಮ ಮಾತಾಡಿದಳು, ಕೈ ಬೀಸಿ. ಆಮೇಲೆ ತಾತ. ಆಮೇಲೆ ಅಮ್ಮ ಅವರ ಪಕ್ಕದಲ್ಲಿ ಕೂತೇಬಿಟ್ಟಳು. ತಾತ ಗಾಳಿಯಲ್ಲಿ ಬೆರಳಿನಿಂದ ಏನೋ ಗೀಚುತ್ತಿದ್ದರು, ಉದ್ದ ಗೆರೆ, ಅದರ ಮೇಲೆ ಅಡ್ಡ ಗೆರೆ. ಅಮ್ಮ ಅವರ ಕೈ ಹಿಡಿದು ಗೆರೆಯನ್ನು ತಿದ್ದಿದಳು. ಇಬ್ಬರೂ ನಕ್ಕರು.

ನಕ್ಕರು!

ಇಪ್ಪತ್ತು ನಿಮಿಷದ ಮೇಲೆ ಬಂದಳು. ಕಣ್ಣು ಕೆಂಪಾಗಿತ್ತು.

“ಬೈಯೋಕೇ ಹೋಗಿದ್ದೆ. ಬೈದೆ ಕೂಡ” ಎಂದಳು. “ಬೋರ್ಡಿನ ಮಾತು ಪೂರ್ತಿ ಏನು ಅಂತ ಅವರನ್ನೇ ಕೇಳಿದೆ, ಹೇಳಿದ್ರು. ಅವರಿಗೆ ನನ್ನ ಪೈಪು ನೆನಪಿದೆ ಕಣೇ. ಎರಡು ಪೈಪು ಜೋಡಿಸೋದು ಹೇಗೆ ಅಂತ ನಾನು ಬರೆದ ಚಿತ್ರ ನೆನಪಿದೆ. ಆ ಅರ್ಜಿನ ಓದಿದೋರಲ್ಲಿ ಈಗ ಬದುಕಿರೋದು ಅವರೊಬ್ಬರೇ.”

“ನಿನ್ನ ಲೈಫ್ ಹಾಳು ಮಾಡಿದ್ದೂ ಅವರೇ!” ಎಂದು ಕಿರುಚಿದೆ. ಜನ ತಿರುಗಿ ನೋಡಿದರು. ಕ್ಲಾಸಿನಲ್ಲಿ ಬಾಯಿ ಬಿಡದವಳು ನಾನು.

ಅಮ್ಮ ಹಾಲಿನ ಬಾಟಲಿಗಳ ಮೇಲೆ ಗುರುತು ಹಾಕುವ ಕೆಂಪು ಮೇಣದ ಪೆನ್ಸಿಲ್ಲನ್ನು ಚೀಲದಿಂದ ತೆಗೆದಳು. ಬೋರ್ಡಿನ ಗಾಜಿನ ಮೇಲೆ, ‘ಓದದೆ ಕತ್ತರಿಸಿದೆ’ ಎಂಬುದರ ಮುಂದೆ, ಹಾಸ್ಟೆಲಿಗೆ ನನಗೆ ಕಾಗದ ಬರೆಯುತ್ತಿದ್ದ ಅದೇ ವಾಲು ಅಕ್ಷರದಲ್ಲಿ ಬರೆದಳು: ‘ಅಂದ್ರೆ ಸುಳ್ಳಾಗತ್ತೆ. ಒಂದೊಂದೂ ಓದಿದೀನಿ.’

“ಅಮ್ಮ, ಏನ್ ಮಾಡ್ತಿದೀಯ?”

“ಅರ್ಧ ಸಾಲಿನ ಜೊತೆ ನಾನು ಇಪ್ಪತ್ನಾಲ್ಕು ವರ್ಷ ಇದ್ದೆ” ಎಂದಳು, ಪೆನ್ಸಿಲ್ಲಿಗೆ ಕ್ಯಾಪು ಹಾಕುತ್ತ. “ಅವರಿಗೆ ಎಪ್ಪತ್ತೆಂಟು. ಅಷ್ಟು ಟೈಮಿಲ್ಲ.”

ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಹತ್ತುವಾಗ ನನ್ನ ಕೂದಲು ಕಿವಿಯ ಹಿಂದೆ ಸರಿಸಿ, “ಊಟ ಮಾಡು” ಎಂದಳು.

ಸೆಪ್ಟೆಂಬರ್ 29, ಸೋಮವಾರ

ಪ್ರದರ್ಶನ ಇನ್ನೊಂದು ವಾರ ಇರುತ್ತದೆ. ಪರಿಷತ್ತಿನ ಅಧ್ಯಕ್ಷರು ನಾಳೆ ನೋಡಲು ಬರುತ್ತಾರಂತೆ. ತಾತನ ಬೋರ್ಡಿನ ಮೇಲೆ ಯಾರೋ ಗೀಚಿದ್ದಾರೆ, ಒರೆಸಿಬಿಡು ಎಂದು ಮೇಡಂ ಒದ್ದೆ ಬಟ್ಟೆ ಕೊಟ್ಟರು.

ಉಳಿದ ಬೋರ್ಡುಗಳನ್ನೆಲ್ಲ ಒರೆಸಿದೆ. ಮೀಸೆಯವರ ಫೋಟೋವನ್ನೂ ಒರೆಸಿದೆ, ಅದನ್ನು ಯಾರೂ ಹೇಳಿರಲಿಲ್ಲ. ಮೇಣದ ಪೆನ್ಸಿಲ್ಲು ಒದ್ದೆ ಬಟ್ಟೆಗೆ ಹೋಗುವುದಿಲ್ಲ ಎಂದು ಮೇಡಂಗೆ ಹೇಳಿ ಬಂದೆ. ಹೋಗುತ್ತದೋ ಇಲ್ಲವೋ, ಒರೆಸಿ ನೋಡಿಲ್ಲ.

ತಾತನನ್ನು ನಾನು ಕ್ಷಮಿಸಿಲ್ಲ. ಅಮ್ಮನಿಗೆ ಬೇಕಾದರೆ ಅವಳು ಕ್ಷಮಿಸಿಕೊಳ್ಳಲಿ. ಬುಧವಾರ ನೆಲಮಾಳಿಗೆಗೆ ಹೋಗುತ್ತಿರುವುದು ಬೇರೆ ಕಾರಣಕ್ಕೆ. ಎರಡು ವಾರದ ಕಡತಗಳು ಹಾಗೇ ಬಿದ್ದಿವೆ, ಚೀಟಿ ಓದಲು ಅಲ್ಲಿ ಬೇರೆ ಯಾರೂ ಇಲ್ಲ.